ವಚನಗಳೂ ಓದುಗನ ರುಚಿಯೂ

ವಚನಗಳು ಸಾಹಿತ್ಯವೇ ಎಂಬ ಪ್ರಶ್ನೆ ಹಳೆಯದು. ಛಂದಸ್ಸಿಲ್ಲದುದು ಕಾವ್ಯವಾಗಲಾರದೆಂಬ ಆಕ್ಷೇಪಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಭಾಮಹ, ದಂಡಿಗಳೇ ಗದ್ಯವನ್ನು ಕಾವ್ಯದಲ್ಲಿ ಎಣಿಸಿರುವುದರಿಂದ ಅದಕ್ಕೆ ಶಾಸ್ತ್ರದ ಆಧಾರವೂ ದೊರೆಯದು. ವಿಚಾರಿಸಬೇಕಾದುದು ನಮ್ಮವರೇ ಆಡುವ ಇನ್ನೊಂದು ಮಾತು: ವಚನಗಳು ಅನುಭಾವದ ನುಡಿಗಳು, ಇದು ಮೇಲು, ಇದು ಸಾಮಾನ್ಯ ಎಂದು ಅವುಗಳನ್ನು ಅಳೆಯುವುದು ಅಪಚಾರ.

ಈ ಮಾತಿನಲ್ಲಿ ಭಕ್ತಿಯಿದೆ, ಒಪ್ಪತಕ್ಕುದೇ. ಆದರೆ ಶೂನ್ಯಸಂಪಾದನೆಯ ಸಂಕಲನಕಾರರು ಭಕ್ತರಲ್ಲವೆ? 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅದನ್ನು ಮೊದಲು ಸಂಪಾದಿಸಿದರು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದರು. ದೊರೆತ ವಚನಗಳಲ್ಲಿ ಕೆಲವನ್ನು ಆಯ್ದು, ಕೆಲವನ್ನು ಬಿಟ್ಟು, ಒಂದರ ಮುಂದೆ ಇನ್ನೊಂದನ್ನಿಟ್ಟು ಸಂವಾದ ಕಟ್ಟಿದರು. ಇದು ರುಚಿಯ ಕೆಲಸವಲ್ಲದೆ ಮತ್ತೇನು? ಉಟ್ಟುದನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆಯೆಂದು ಪ್ರಭುದೇವರು ಕೇಳಿದ ಮೇಲೆ ಅಕ್ಕಮಹಾದೇವಿ ಫಲವನ್ನೂ ಅದರ ಸಿಪ್ಪೆಯನ್ನೂ ಮುಂದಿಟ್ಟು ಉತ್ತರಿಸುವ ವಚನ ಬರುತ್ತದೆ. ಬಿಡಿಯಾಗಿ ಓದಿದಾಗ ಅದೊಂದು ಚೆಲುವಾದ ಉಪಮೆ; ಅಲ್ಲಿ ಓದಿದಾಗ ತುಂಬಿದ ಸಭೆಯಲ್ಲಿ ಒಬ್ಬಂಟಿ ಹೆಣ್ಣಿನ ಧೈರ್ಯ. 1923ರಲ್ಲಿ ಫ. ಗು. ಹಳಕಟ್ಟಿಯವರು ಪ್ರಕಟಿಸಿದ ಗ್ರಂಥದ ಹೆಸರು ‘ವಚನಶಾಸ್ತ್ರಸಾರ’. ಅದರ ಜೋಡಣೆ ವಿಷಯಾನುಸಾರ. ಅವರ ಉಪಕಾರ ತೀರಿಸಲಾಗದ್ದು. ಆದರೂ ವಿಷಯದ ತಲೆಬರಹದ ಕೆಳಗೆ ನಿಂತ ವಚನ ತತ್ತ್ವಕ್ಕೆ ಸಾಕ್ಷಿಯಾಗುತ್ತದೆ. ಅದರ ದನಿ ತಗ್ಗುತ್ತದೆ.

ಇನ್ನು ನನ್ನ ರುಚಿಯನ್ನು ಮರೆಯಿಲ್ಲದೆ ಹೇಳುವೆನು. ತೋಂಟದ ಸಿದ್ಧಲಿಂಗಯತಿಗಳ ಷಟ್‌ಸ್ಥಲಜ್ಞಾನಸಾರಾಮೃತವು ತತ್ತ್ವನಿರೂಪಣೆಯಲ್ಲಿ ಮೇಲಾದ ಗ್ರಂಥ. ಆದರೆ ಅಲ್ಲಿಯ ಎಷ್ಟೋ ವಚನಗಳಲ್ಲಿ ಅಂಗ, ಲಿಂಗ, ಶಕ್ತಿ, ಭಕ್ತಿಗಳ ಎಣಿಕೆ ಬೆಳೆದು ಮಾತು ಸೊರಗುತ್ತದೆ. ಸಾಧಕನಿಗೆ ಅದು ಬೇಕು. ಸಾಹಿತ್ಯದ ವಿದ್ಯಾರ್ಥಿಗೆ ಬಸವಣ್ಣನವರ ಒಂದು ಚಿಕ್ಕ ವಚನ ಅದಕ್ಕಿಂತ ಹೆಚ್ಚು ಕೊಡುತ್ತದೆ. ತಾಳ, ಗಣಗಳ ಲೆಕ್ಕ ತಮಗೆ ತಿಳಿಯದೆಂದು ಅವರು ಹೇಳಿಕೊಂಡದ್ದೂ ಲಯವುಳ್ಳ ವಚನದಲ್ಲಿಯೇ ಅಲ್ಲವೆ?

ಇದು ನಿಮ್ಮೊಬ್ಬರ ರುಚಿಯೆನ್ನಬಹುದು. ಅಹುದು. ಆದರೆ ಅಭಿನವಗುಪ್ತನು ಹೇಳುವ ಸಹೃದಯನ ಮನೋದರ್ಪಣವು ಕಾವ್ಯದ ಎಡೆಬಿಡದ ಅಭ್ಯಾಸದಿಂದ ನಿರ್ಮಲವಾದುದು. ಹಾಗೆ ಬೆಳೆದ ರುಚಿ ಕಾರಣ ಕೊಡಬಲ್ಲದು. ಕಾರಣ ಕೊಟ್ಟಲ್ಲಿ ಬೇರೊಬ್ಬರು ಖಂಡಿಸಲೂ ಎಡೆಯುಂಟು. ಪರಿಭಾಷೆ ಬಂದಲ್ಲೆಲ್ಲ ನುಡಿ ಒಣಗುತ್ತದೆಂದೂ ನಾನು ಹೇಳುತ್ತಿಲ್ಲ. ಪ್ರಭುದೇವರ ಬೆಡಗಿನ ವಚನಗಳಲ್ಲಿ ಪಾರಿಭಾಷಿಕ ಸಂಕೇತಗಳು ಕಿಕ್ಕಿರಿದಿವೆ, ಟೀಕೆಯಿಲ್ಲದೆ ಅರ್ಥ ಬಿಚ್ಚಿಕೊಳ್ಳುವುದಿಲ್ಲ. ಆದರೂ ಅರ್ಥಕ್ಕೆ ಮೊದಲೇ ಚಿತ್ರ ಕಣ್ಣಿಗೆ ಕಟ್ಟಿರುತ್ತದೆ.