ನಾಲ್ಕನೆಯ ಪೀಳಿಗೆಯ ಲಕ್ಷಣ

ಹನ್ನೆರಡು ಹದಿಮೂರರ ವಯಸ್ಸಿನ ಮಕ್ಕಳಿಗೆ ಗಣಕಯಂತ್ರವನ್ನು ಪರಿಚಯಿಸುವ ಪಾಠಗಳಲ್ಲಿ ಒಂದು ರೂಢಿ ಬೇರೂರಿದೆ. ಮೊದಲನೆಯ ಪೀಳಿಗೆಗೆ ನಿರ್ವಾತ ಕೊಳವೆ, ಎರಡನೆಯದಕ್ಕೆ ಟ್ರಾನ್ಸಿಸ್ಟರು, ಮೂರನೆಯದಕ್ಕೆ ಐಸಿ ಚಿಪ್ಪು, ನಾಲ್ಕನೆಯದಕ್ಕೆ ಮೈಕ್ರೊಪ್ರೊಸೆಸರು ಎಂದು ಪಟ್ಟಿಯನ್ನಿತ್ತು, ಈ ಕಡೆಯ ಯಂತ್ರಗಳು 1971ರಿಂದ ಈಚಿನವು, ಚಿಕ್ಕವು, ವೇಗವುಳ್ಳವು ಎಂದು ಮುಗಿಸುವುದೇ ಆ ರೂಢಿ. ಮೈಕ್ರೊಪ್ರೊಸೆಸರೆಂಬ ಹೆಸರು ಬರುವುದೇ ಹೊರತು ಅದರ ಅರ್ಥ ಬಾರದು.

ಪಟ್ಟಿಯು ಕಂಠಪಾಠಕ್ಕೆ ಅನುಕೂಲವೇನೋ ಸರಿ. ಆದರೆ ಲಕ್ಷಣವೆಂದು ಪರೀಕ್ಷಿಸಿದರೆ ನಿಲ್ಲದು. ಲಕ್ಷ್ಯವಲ್ಲದುದಕ್ಕೂ ಸಲ್ಲುವ ಲಕ್ಷಣಕ್ಕೆ ಅತಿವ್ಯಾಪ್ತಿಯೆಂಬ ದೋಷವನ್ನು ತಾರ್ಕಿಕರು ಹೇಳುವರು. 1969ರಲ್ಲಿ ಚಂದ್ರನನ್ನು ಮುಟ್ಟಿದ ಅಪೊಲೊ ನೌಕೆಯ ಗಣಕವು ಸುಮಾರು 32 ಕಿಲೋಗ್ರಾಂ ತೂಕದ ಚಿಕ್ಕ ಪೆಟ್ಟಿಗೆ. 1976ರ ಕ್ರೇ-1 ಆ ಕಾಲಕ್ಕೆ ಮಹಾವೇಗದ ಯಂತ್ರ. ಎರಡರಲ್ಲಿಯೂ ಮೈಕ್ರೊಪ್ರೊಸೆಸರು ಇರಲಿಲ್ಲ. ಆದುದರಿಂದ ಗಾತ್ರ, ವೇಗ, ಇಸವಿ, ಈ ಮೂರೂ ಲಕ್ಷಣವಾಗಲಾರವು.

ಹಾಗಾದರೆ ಲಕ್ಷಣವಾವುದು? ಅದು ಹುಟ್ಟಿದ ವೃತ್ತಾಂತದಲ್ಲಿಯೇ ಉತ್ತರವುಂಟು. 1969ರಲ್ಲಿ ಜಪಾನಿನ ಬ್ಯುಸಿಕಾಂ ಕಂಪನಿಯು ತನ್ನ ಕ್ಯಾಲ್ಕುಲೇಟರುಗಳಿಗಾಗಿ, ಒಂದೊಂದು ಕೆಲಸಕ್ಕೆ ಒಂದೊಂದರಂತೆ ಹಲವು ಚಿಪ್ಪುಗಳನ್ನು ಅಮೆರಿಕದ ಇಂಟೆಲ್ ಕಂಪನಿಯಿಂದ ಅಪೇಕ್ಷಿಸಿತು. ಅಲ್ಲಿನ ಟೆಡ್ ಹಾಫ್ ಅವರು, ಸೂಚನೆ ಕೊಟ್ಟಂತೆ ಯಾವ ಕೆಲಸವನ್ನಾದರೂ ಮಾಡಬಲ್ಲ ಒಂದೇ ಚಿಪ್ಪು ಲೇಸೆಂದರು. ಫೆಡೆರಿಕೊ ಫ್ಯಾಜಿನ್ ಮುಂತಾದವರು ಅದನ್ನು ಸಾಧಿಸಿದರು. 1971ರ ನವೆಂಬರಿನಲ್ಲಿ ಪ್ರಕಟವಾದ ಆ 4004 ಚಿಪ್ಪಿನಲ್ಲಿ ಸುಮಾರು 2300 ಟ್ರಾನ್ಸಿಸ್ಟರುಗಳಿದ್ದವು. ಅದಕ್ಕೆ ಬೇಕಾದ ಸೂಚನೆಗಳು ಬೇರೊಂದು ಚಿಪ್ಪಿನಲ್ಲಿದ್ದವು. ಸೂಚನೆಯಂತೆ ನಡೆಯುವ ಗುಣ ಹಿಂದಿನ ಗಣಕಗಳಿಗೂ ಉಂಟು. ಗಣಿಸುವ ಮತ್ತು ನಡೆಸುವ ಆ ಶಕ್ತಿಯೆಲ್ಲವೂ ಒಂದೇ ಚಿಪ್ಪಿನಲ್ಲಿ ಅಡಕವಾದುದೇ ನಾಲ್ಕನೆಯ ಪೀಳಿಗೆಯ ಅಸಾಧಾರಣ ಧರ್ಮ.

ಇದು ಮಕ್ಕಳಿಗೆ ಕಠಿಣವೆಂಬ ಶಂಕೆ ಬೇಡ. ಅಡಿಗೆಮನೆಯ ಚಕ್ಕುಲಿ ಒರಳು ಒಂದೇ. ಬಿಲ್ಲೆಯನ್ನು ಬದಲಿಸಿದರೆ ಚಕ್ಕುಲಿಯೂ ಆದೀತು, ಖಾರಸೇವೆಯೂ ಆದೀತು. ಚಿಪ್ಪು ಒರಳಿನಂತೆ, ಸೂಚನೆ ಬಿಲ್ಲೆಯಂತೆ. ಭೇದವಿಷ್ಟೆ: ಬಿಲ್ಲೆಗಳು ನಾಲ್ಕೈದು, ಸೂಚನೆಗಳಿಗೆ ಮಿತಿಯಿಲ್ಲ.

ಪಟ್ಟಿಯನ್ನು ಬಿಡಬೇಕೆಂದಲ್ಲ, ಪಟ್ಟಿಯೇ ಪಾಠವಾಗಬಾರದು. ಇಸವಿಯನ್ನು ಮಾತ್ರ ಒಪ್ಪಿಸಿದ ಬಾಲಕನು ಪರೀಕ್ಷೆಯಲ್ಲಿ ತೇರ್ಗಡೆಯಾದಾನು. ಆದರೆ ಯಂತ್ರವು ತಾನಾಗಿಯೇ ಎಲ್ಲವನ್ನೂ ಬಲ್ಲುದೆಂದು ಬೆರಗಾಗಿ ಉಳಿದಾನು. ಲಕ್ಷಣವನ್ನು ತಿಳಿದ ಬಾಲಕನೋ, ಈ ಸೂಚನೆಯನ್ನು ಬರೆದವರು ಯಾರು, ಏತಕ್ಕಾಗಿ ಬರೆದರು ಎಂದು ಕೇಳುವನು. ಆ ಪ್ರಶ್ನೆಯನ್ನು ಹುಟ್ಟಿಸಿದ ಪಾಠವೇ ಪಾಠ.