ತಿದ್ದಿದ ಪಟ್ಟಿ, ತಿದ್ದದ ಹೆಸರು
2006ರ ಕ್ರೀಡಾ ಫಲಿತಾಂಶಗಳ ಮರು ಓದು

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಪತ್ರಿಕೆಗಳ ಕ್ರೀಡಾ ಪುಟಗಳು ಏನು ಮಾಡುತ್ತವೆಂದು ಹೇಳಬೇಕಾಗಿಲ್ಲ. 'ಹಿನ್ನೋಟ' ಎಂಬ ತಲೆಬರಹದಡಿ ಆ ವರ್ಷ ಯಾರು ಎಲ್ಲಿ ಏನು ಗೆದ್ದರು ಎಂಬ ಉದ್ದನೆಯ ಪಟ್ಟಿ ಬರುತ್ತದೆ. ನೌಕರಿಯ ಪರೀಕ್ಷೆಗೆ ಓದುವ ಹುಡುಗರು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಉಳಿದವರು ಒಮ್ಮೆ ಕಣ್ಣಾಡಿಸಿ ಪುಟ ಮಗುಚುತ್ತಾರೆ. ಫಲಿತಾಂಶವೆಂದರೆ ಫಲಿತಾಂಶ, ಅದರಲ್ಲಿ ವಾದಕ್ಕೆ ಎಡೆಯಿಲ್ಲ ಎಂಬ ನಂಬಿಕೆ ನಮ್ಮೆಲ್ಲರದು.

ಆದರೆ 2006ರ ಪಟ್ಟಿಯನ್ನು ಇಂದು ಮತ್ತೆ ಓದಲು ಕುಳಿತರೆ ಈ ನಂಬಿಕೆ ಸಡಿಲಗೊಳ್ಳುತ್ತದೆ. ಆ ವರ್ಷದ ಫಲಿತಾಂಶಗಳಷ್ಟು ಅಳಿಸಿ ಬರೆಯಲ್ಪಟ್ಟವು ಬಹುಶಃ ಬೇರೆ ವರ್ಷದವಲ್ಲ. ಸೈಕಲ್ ರೇಸಿನ ಅತಿ ದೊಡ್ಡ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್‌ನಲ್ಲಿ ಜುಲೈಯಲ್ಲಿ ಪ್ಯಾರಿಸ್ ತಲುಪಿ ಹಳದಿ ಅಂಗಿ ತೊಟ್ಟವರು ಅಮೆರಿಕದ ಫ್ಲಾಯ್ಡ್ ಲ್ಯಾಂಡಿಸ್. ಕೆಲವೇ ದಿನಗಳಲ್ಲಿ ಅವರು ಉದ್ದೀಪನ ಮದ್ದು ಸೇವಿಸಿದ್ದು ಪರೀಕ್ಷೆಯಲ್ಲಿ ಪತ್ತೆಯಾಯಿತು. 2007ರಲ್ಲಿ ಬಿರುದು ಕಸಿದುಕೊಂಡು ಸ್ಪೇನಿನ ಆಸ್ಕರ್ ಪೆರೇರೊ ಅವರಿಗೆ ಕೊಡಲಾಯಿತು. ಅಮೆರಿಕದವರೇ ಆದ ಜಸ್ಟಿನ್ ಗ್ಯಾಟ್ಲಿನ್ ಮೇ ತಿಂಗಳಲ್ಲಿ ದೋಹಾದಲ್ಲಿ 100 ಮೀಟರ್ ಓಟವನ್ನು 9.77 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಸರಿಗಟ್ಟಿದರು. ಅದೂ ಅಳಿಸಿಹೋಯಿತು. ಇಟಲಿಯಲ್ಲಿ ಯುವೆಂಟಸ್ ಕ್ಲಬ್ಬಿನ ಲೀಗ್ ಪ್ರಶಸ್ತಿ ಕಿತ್ತು ಇಂಟರ್ ಮಿಲಾನ್‌ಗೆ ಕೊಟ್ಟರು. ರೆಫರಿಗಳ ನೇಮಕದಲ್ಲಿ ಕೈಯಾಡಿಸಿದ ಆ ಹಗರಣದ ಮೊದಲ ತೀರ್ಪು ಹೊರಬಿದ್ದದ್ದು ಇಟಲಿ ವಿಶ್ವಕಪ್ ಗೆದ್ದು ಐದೇ ದಿನಗಳಲ್ಲಿ! ಬರ್ಲಿನ್‌ನಲ್ಲಿ ಕಪ್ ಎತ್ತಿ ಹಿಡಿದ ನಾಯಕ ಕನ್ನವಾರೊ ಯುವೆಂಟಸ್ ಆಟಗಾರ. ಗೋಲ್ ಕೀಪರ್ ಬಫನ್ ಕೂಡಾ ಅಲ್ಲಿನವರೇ.

ತಪ್ಪು ಪತ್ತೆಯಾದಾಗ ಪಟ್ಟಿ ತಿದ್ದುವುದು ಸರಿಯೇ. ನಮ್ಮ ತಕರಾರು ಅದಲ್ಲ. ಯಾರ ಸಾಲನ್ನು ಎಷ್ಟು ಬೇಗ ಅಳಿಸುತ್ತಾರೆ, ಅಳಿಸುವ ಮುನ್ನ ಯಾರ ಮಾತನ್ನು ಎಷ್ಟು ಕೇಳುತ್ತಾರೆ, ಅಳಿಸಿದ ಮೇಲೆ ಯಾರಿಗೆ ಮರಳಿ ಬರುವ ದಾರಿ ಬಿಡುತ್ತಾರೆ ಎಂಬುದನ್ನು ಯಾವ ಹಿನ್ನೋಟವೂ ಬರೆಯುವುದಿಲ್ಲ. ನಮ್ಮ ತಕರಾರು ಅಲ್ಲಿದೆ.

ಓವಲ್ ಟೆಸ್ಟನ್ನೇ ನೋಡಿ. 2006ರ ಆಗಸ್ಟ್ 20, ಇಂಗ್ಲೆಂಡ್-ಪಾಕಿಸ್ತಾನ ನಡುವಿನ ನಾಲ್ಕನೇ ಟೆಸ್ಟಿನ ನಾಲ್ಕನೇ ದಿನ. ಪಾಕಿಸ್ತಾನ ಮೊದಲ ಇನ್ನಿಂಗ್ಸಿನಲ್ಲಿ 331 ರನ್‌ಗಳ ಮುನ್ನಡೆ ಪಡೆದಿತ್ತು. ಅಂಪೈರ್ ಡ್ಯಾರೆಲ್ ಹೇರ್ ಮತ್ತು ಬಿಲ್ಲಿ ಡಾಕ್ಟ್ರೋವ್ ಚೆಂಡು ವಿರೂಪಗೊಳಿಸಲಾಗಿದೆಯೆಂದು ತೀರ್ಮಾನಿಸಿ ಇಂಗ್ಲೆಂಡಿಗೆ ಐದು ರನ್ ದಂಡ ಕೊಟ್ಟು ಚೆಂಡು ಬದಲಾಯಿಸಿದರು. ಮಾಡಿದವರು ಯಾರು? ಹೆಸರಿಲ್ಲ. ಚಹಾ ವಿರಾಮದ ನಂತರ ಇಂಝಮಾಮ್ ತಂಡ ಪ್ರತಿಭಟಿಸಿ ಒಳಗೇ ಉಳಿಯಿತು. ಅಂಪೈರ್‌ಗಳು ಬೇಲ್ಸ್ ತೆಗೆದರು. ಟೆಸ್ಟ್ ಇತಿಹಾಸದಲ್ಲಿ ಮೊತ್ತಮೊದಲ ಬಾರಿಗೆ ಒಂದು ತಂಡ ಪಂದ್ಯ ಬಿಟ್ಟುಕೊಟ್ಟಿತೆಂದು ಘೋಷಿಸಲಾಯಿತು. ಮುಂದಿನ ತಿಂಗಳು ರಂಜನ್ ಮದುಗಲೆ ವಿಚಾರಣೆ ನಡೆಸಿ, ಚೆಂಡು ವಿರೂಪಗೊಳಿಸಿದ ಆರೋಪ ಸಾಬೀತಾಗಿಲ್ಲ, ಆದರೆ ಮೈದಾನಕ್ಕೆ ಬಾರದೆ ಆಟಕ್ಕೆ ಕಳಂಕ ತಂದದ್ದು ನಿಜ ಎಂದರು. ಇಂಝಮಾಮ್‌ಗೆ ನಾಲ್ಕು ಏಕದಿನ ಪಂದ್ಯಗಳ ನಿಷೇಧ. ನಮ್ಮ ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲಿ ಇಂಥ ತೀರ್ಪು ಬಂದರೆ ಜನ ನಗುತ್ತಾರೆ. ಕಳವು ಆಗಿಲ್ಲ, ಆದರೆ ಕಳ್ಳನೆಂದಾಗ ಸಿಟ್ಟು ಮಾಡಿದ್ದು ತಪ್ಪು!

ಸಿಟ್ಟು ಮಾಡಿದ್ದು ತಪ್ಪೇ ಅಲ್ಲವೆಂದು ನಾವು ವಾದಿಸುವುದಿಲ್ಲ. ಅಂಪೈರ್ ತಪ್ಪಿದರೂ ಆಡಬೇಕು, ದೂರನ್ನು ಸಂಜೆ ಕೊಡಬೇಕು ಎಂಬುದು ಆಟದ ಕಟ್ಟಳೆ. ಅದನ್ನು ಇಂಝಮಾಮ್ ಮುರಿದರು. ಆದರೆ ಹೇರ್ ಅವರೂ ಈ ಮಧ್ಯೆ ಐದು ಲಕ್ಷ ಡಾಲರ್ ಕೊಟ್ಟರೆ ರಾಜೀನಾಮೆ ಕೊಡುವೆನೆಂದು ಐಸಿಸಿಗೆ ಇ-ಮೇಲ್ ಬರೆದಿದ್ದರು. ಕೊನೆಗೆ ಏನಾಯಿತು? 2008ರಲ್ಲಿ ಐಸಿಸಿ ಆ ಪಂದ್ಯದ ಫಲಿತಾಂಶವನ್ನು 'ಡ್ರಾ' ಎಂದು ತಿದ್ದಿತು. ಆಟದ ನಿಯಮಗಳ ಒಡೆತನ ಹೊಂದಿರುವ ಎಂಸಿಸಿ ಆಕ್ಷೇಪಿಸಿತು. 2009ರ ಫೆಬ್ರವರಿಯಲ್ಲಿ ಐಸಿಸಿ ತನ್ನ ತಿದ್ದುಪಡಿಯನ್ನೇ ತಿದ್ದಿ ಇಂಗ್ಲೆಂಡ್ ಗೆದ್ದಿತೆಂದು ಮತ್ತೆ ಬರೆಯಿತು. ಸರಣಿ 3-0. ಮೂರು ವರ್ಷಗಳಲ್ಲಿ ಒಂದೇ ಪಂದ್ಯಕ್ಕೆ ಮೂರು ಸಲ ಫಲಿತಾಂಶ ಬರೆದದ್ದು ಕ್ರಿಕೆಟ್ಟಿನಲ್ಲೂ ಅಪರೂಪ. ಮಂಡಳಿಗಳ ರಾಜಕೀಯಕ್ಕೆ ತಕ್ಕಂತೆ ಅಂಕಪಟ್ಟಿ ಬಾಗಬಹುದೆಂದು ನಮಗೆ ಗೊತ್ತಾದದ್ದೂ ಆಗಲೇ. ಐಸಿಸಿಯ ಕೊನೆಯ ತೀರ್ಮಾನವೇ ಸರಿಯೆಂದು ನಮಗನಿಸುತ್ತದೆ. ಪಾಕಿಸ್ತಾನಕ್ಕೆ ಬೇಕಿದ್ದದ್ದು ಡ್ರಾ ಅಲ್ಲ, ನೀವು ಕಳ್ಳರಲ್ಲ ಎಂಬ ಒಂದು ಮಾತು. ಅದು ಮದುಗಲೆಯವರ ವಿಚಾರಣೆಯಲ್ಲಿ ಬಂದಾಗಿತ್ತು.

ಅದೇ ಪಂದ್ಯದಲ್ಲಿ ಮುಹಮ್ಮದ್ ಯೂಸುಫ್ 128 ರನ್ ಹೊಡೆದಿದ್ದರು. ಗಲಾಟೆಯಲ್ಲಿ ಅದನ್ನು ಯಾರು ನೆನೆದರು? ಆ ವರ್ಷ ಅವರು 11 ಟೆಸ್ಟ್‌ಗಳಲ್ಲಿ ಒಂಬತ್ತು ಶತಕಗಳೊಂದಿಗೆ 1788 ರನ್ ಗಳಿಸಿ, ವಿವಿಯನ್ ರಿಚರ್ಡ್ಸ್ 1976ರಲ್ಲಿ ಮಾಡಿದ್ದ 1710ರ ದಾಖಲೆ ಮುರಿದರು. 2021ರಲ್ಲಿ ಜೋ ರೂಟ್ ಹತ್ತಿರ ಬಂದು 1708ಕ್ಕೆ ನಿಂತರು. ಹಿಂದಿನ ವರ್ಷವಷ್ಟೇ ಕ್ರೈಸ್ತ ಧರ್ಮದಿಂದ ಇಸ್ಲಾಮಿಗೆ ಬಂದಿದ್ದ ಯೂಸುಫರ ಗಡ್ಡದ ಬಗ್ಗೆ ಬಂದಷ್ಟು ಬರಹ ಅವರ ಕವರ್ ಡ್ರೈವ್ ಬಗ್ಗೆ ಬರಲಿಲ್ಲ. ಹೊಗಳಿದವರೂ, ಮೂಗು ಮುರಿದವರೂ ಇದರಲ್ಲಿ ಸಮಾನರು. ರನ್ನುಗಳನ್ನು ಧರ್ಮದ ಲೆಕ್ಕಕ್ಕೆ ಹಾಕಿದ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ. ಬ್ಯಾಟಿಂಗ್ ಕೈಯಲ್ಲಿ, ಕಾಲಿನಲ್ಲಿ, ಅಭ್ಯಾಸದಲ್ಲಿ ಇರುತ್ತದೆ. ಅದೇ ಯೂಸುಫ್ ಜನವರಿಯಲ್ಲಿ ಕರಾಚಿಯಲ್ಲಿ ಇರ್ಫಾನ್ ಪಠಾಣರ ಮೊದಲ ಓವರಿನಲ್ಲೇ ಸೊನ್ನೆಗೆ ಔಟಾಗಿದ್ದರು. ಪಠಾಣರ ಹ್ಯಾಟ್ರಿಕ್‌ನ ಮೂರನೇ ಬಲಿ ಅವರೇ. ಆ ಹ್ಯಾಟ್ರಿಕ್ ನಮಗೆಲ್ಲ ಬಾಯಿಪಾಠ. ಆ ಟೆಸ್ಟನ್ನು ನಾವು 341 ರನ್‌ಗಳಿಂದ ಸೋತೆವೆಂಬುದು ಎಷ್ಟು ಜನರಿಗೆ ನೆನಪಿದೆ?

ಆಗಸ್ಟ್ ತಿಂಗಳಲ್ಲೇ, ಓವಲ್ ಪ್ರಕರಣಕ್ಕೆ ಎರಡು ವಾರ ಮೊದಲು, ಕೊಲಂಬೊದಲ್ಲಿ ಹಾಶಿಮ್ ಆಮ್ಲಾ ಒಂದು ಕ್ಯಾಚ್ ಹಿಡಿದರು. ವೀಕ್ಷಕ ವಿವರಣೆಗಾರರಾಗಿದ್ದ ಆಸ್ಟ್ರೇಲಿಯದ ಮಾಜಿ ಆಟಗಾರ ಡೀನ್ ಜೋನ್ಸ್, ಜಾಹೀರಾತು ಶುರುವಾಗಿದೆಯೆಂದು ಭಾವಿಸಿ ಆಮ್ಲಾರನ್ನು 'ಭಯೋತ್ಪಾದಕ' ಎಂದರು. ದಕ್ಷಿಣ ಆಫ್ರಿಕದ ಮನೆಗಳಲ್ಲಿ ಅದು ನೇರ ಕೇಳಿಸಿತು. ವಾಹಿನಿ ಅವರನ್ನು ಕೆಲಸದಿಂದ ತೆಗೆಯಿತು, ಜೋನ್ಸ್ ಕ್ಷಮೆ ಕೇಳಿದರು. ಮೈಕ್ ಆಫ್ ಆಗಿದೆಯೆಂದುಕೊಂಡಾಗ ಬಂದ ಮಾತು ಅದು ಎಂಬುದು ಗಮನಾರ್ಹ. ಮೈಕ್ ಆನ್ ಇದ್ದಾಗ ಎಲ್ಲರೂ ಸಭ್ಯರೇ. ಆರು ವರ್ಷಗಳ ನಂತರ, 2012ರ ಜುಲೈಯಲ್ಲಿ ಆಮ್ಲಾ ಅಜೇಯ 311 ರನ್ ಹೊಡೆದು ದಕ್ಷಿಣ ಆಫ್ರಿಕದ ಮೊದಲ ತ್ರಿಶತಕಗಾರರಾದರು. ಮೈದಾನ? ಲಂಡನ್ನಿನ ಅದೇ ಓವಲ್.

ಈಗ ಝೈದಾನ್. ಜುಲೈ 9ರಂದು ಬರ್ಲಿನ್‌ನಲ್ಲಿ ಫ್ರಾನ್ಸ್-ಇಟಲಿ 1-1, ಪೆನಾಲ್ಟಿಯಲ್ಲಿ ಇಟಲಿಗೆ 5-3. ಪಟ್ಟಿಯಲ್ಲಿ ಇರುವುದು ಇಷ್ಟೇ. ಎರಡೂ ಗೋಲು ಹೊಡೆದವರೇ, ಅಂದರೆ ಝೈದಾನ್ ಮತ್ತು ಮಾಟೆರಾಝಿಯೇ 110ನೇ ನಿಮಿಷದಲ್ಲಿ ಎದುರು ಬದುರಾದರು. ಝೈದಾನ್ ತಲೆಯಿಂದ ಎದೆಗೆ ಗುದ್ದಿದರು, ಕೆಂಪು ಕಾರ್ಡ್ ಪಡೆದು ಕಪ್ಪಿನ ಪಕ್ಕದಿಂದಲೇ ನಡೆದುಹೋದರು. ಆ ತಂಡದಲ್ಲಿ ಕರಿಯರು ಹೆಚ್ಚಾದರೆಂದು ಫ್ರಾನ್ಸಿನ ಬಲಪಂಥೀಯ ನಾಯಕ ಲೆ ಪೆನ್ ಗೊಣಗಿದ್ದರು. ಹಿಂದಿನ ವರ್ಷದ ಕೊನೆಗೆ ಪ್ಯಾರಿಸ್ಸಿನ ಹೊರವಲಯದ ವಲಸಿಗರ ಬಡಾವಣೆಗಳು ಹೊತ್ತಿ ಉರಿದಿದ್ದವು. ಅಲ್ಜೀರಿಯದಿಂದ ಬಂದ ಕೂಲಿಕಾರರ ಮಗ, ಮಾರ್ಸೇಲ್ಸ್‌ನ ಬಡ ಬಡಾವಣೆಯಲ್ಲಿ ಬೆಳೆದವನು ಇಡೀ ದೇಶದ ಮುಖವಾಗಿ ನಿಂತಿದ್ದ ಸಂದರ್ಭ ಅದು. ಹಾಗಾಗಿ ಮಾಟೆರಾಝಿ 'ಭಯೋತ್ಪಾದಕಿಯ ಮಗ' ಎಂದರಂತೆ ಎಂಬ ಸುದ್ದಿ ಬಂದದ್ದೇ ತಡ, ನಾವೆಲ್ಲ ನಂಬಿದೆವು. ತುಟಿ ಓದುವವರನ್ನು ಕರೆಸಿ ಬ್ರಿಟನ್ನಿನ ಪತ್ರಿಕೆಗಳು ಮುದ್ರಿಸಿದ್ದವು. ಕನ್ನಡದಲ್ಲೂ ಅದು ಓಡಾಡಿತು.

ಅದು ಸುಳ್ಳಾಗಿತ್ತು. ಬೈಗುಳ ತನ್ನ ಅಕ್ಕನ ಕುರಿತಾಗಿತ್ತು. ಅದು ಅವಮಾನಕರವಾಗಿತ್ತೇ ಹೊರತು ಜನಾಂಗೀಯವಾಗಿರಲಿಲ್ಲ ಎಂದು ಫಿಫಾ ಮುಂದೆ ಇಬ್ಬರೂ ಹೇಳಿದರು. ಝೈದಾನ್‌ಗೆ ಮೂರು ಪಂದ್ಯ, ಮಾಟೆರಾಝಿಗೆ ಎರಡು ಪಂದ್ಯ ನಿಷೇಧವಾಯಿತು. ಮಾಟೆರಾಝಿ ಪತ್ರಿಕೆಗಳ ಮೇಲೆ ದಾವೆ ಹೂಡಿದರು. 2008ರಲ್ಲಿ 'ಡೈಲಿ ಮೇಲ್' ಕ್ಷಮೆ ಕೋರಿ ಪರಿಹಾರ ಕೊಟ್ಟಿತು. ಆ ಸುದ್ದಿಯನ್ನು ನಾವು ಮೊದಲಿನಷ್ಟೇ ಉತ್ಸಾಹದಿಂದ ಹಂಚಿಕೊಂಡೆವೇ? ಇಲ್ಲ. ಆಮ್ಲಾರಿಗೆ ಅಂದದ್ದು ನಿಜ, ಆದ್ದರಿಂದ ಝೈದಾನ್‌ಗೆ ಅಂದದ್ದೂ ನಿಜವಿರಲೇಬೇಕು ಎಂದು ತೀರ್ಮಾನಿಸಿಕೊಂಡದ್ದು ನಮ್ಮ ನೋವಿಗೆ ಒಪ್ಪುವ ಕತೆಯಾಗಿತ್ತು. ಸಾಕ್ಷಿಯಿಲ್ಲದೆ ಒಂದು ತಂಡವನ್ನು ಕಳ್ಳರೆಂದ ಡ್ಯಾರೆಲ್ ಹೇರ್ ಅವರನ್ನು ದೂರುವವರು ಇದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಅದಿರಲಿ, ಗುದ್ದಿದ ಝೈದಾನ್‌ಗೇ ಕೂಟದ ಶ್ರೇಷ್ಠ ಆಟಗಾರನ ಚಿನ್ನದ ಚೆಂಡು ಸಿಕ್ಕಿತು. ಅಲ್ಜೀರಿಯ ಮೂಲದ ಕಲಾವಿದ ಆದಿಲ್ ಅಬ್ದಸ್ಸಮದ್ ಆ ಗುದ್ದನ್ನೇ ದೊಡ್ಡ ಕಂಚಿನ ಪ್ರತಿಮೆ ಮಾಡಿದರು. 2013ರಲ್ಲಿ ದೋಹಾದ ಕಡಲ ತೀರದಲ್ಲಿ ನಿಲ್ಲಿಸಿ, ಟೀಕೆ ಬಂದ ಮೇಲೆ ತೆಗೆದರು.

ಉಳಿದ ಸಾಲುಗಳನ್ನು ಬೇಗ ದಾಟಬಹುದು. ಫೆಡರರ್ ಮೂರು ಗ್ರಾಂಡ್ ಸ್ಲಾಮ್ ಗೆದ್ದರು, ಪ್ಯಾರಿಸ್ಸಿನಲ್ಲಿ ಮಾತ್ರ ನಡಾಲ್ ಬಿಡಲಿಲ್ಲ. ಜೊಹಾನ್ಸ್‌ಬರ್ಗ್‌ನಲ್ಲಿ ಆಸ್ಟ್ರೇಲಿಯದ 434ನ್ನು ದಕ್ಷಿಣ ಆಫ್ರಿಕ 438 ಹೊಡೆದು ದಾಟಿತು. ಕನ್ನಡಿಗರಿಗೆ ಕಿಂಗ್‌ಸ್ಟನ್ ಮರೆಯುವಂಥದ್ದಲ್ಲ. ಬೌಲರ್‌ಗಳ ಪಿಚ್ಚಿನಲ್ಲಿ ನಾಯಕ ದ್ರಾವಿಡ್ 81 ಮತ್ತು 68, ಕೊನೆಗೆ ಕುಂಬ್ಳೆಗೆ ಆರು ವಿಕೆಟ್, 35 ವರ್ಷಗಳ ಬಳಿಕ ವೆಸ್ಟ್ ಇಂಡೀಸ್‌ನಲ್ಲಿ ಸರಣಿ ಗೆಲುವು. ಆ ಎರಡು ಇನ್ನಿಂಗ್ಸ್‌ಗಳನ್ನು ದ್ರಾವಿಡರ ಯಾವುದೇ ದ್ವಿಶತಕಕ್ಕಿಂತ ಮೇಲೆ ಇಡುತ್ತೇವೆ.

ಡಿಸೆಂಬರಿನಲ್ಲಿ ದೋಹಾ ಏಷ್ಯನ್ ಗೇಮ್ಸ್. ಮಹಿಳೆಯರ 800 ಮೀಟರ್ ಓಟದಲ್ಲಿ ಬಹರೈನಿನ ಮರಿಯಂ ಯೂಸುಫ್ ಜಮಾಲ್ ಮೊದಲಿಗರಾದರು. ಇಥಿಯೋಪಿಯದಲ್ಲಿ ಹುಟ್ಟಿ ಬಹರೈನಿನ ಪೌರತ್ವ ಪಡೆದವರು ಅವರು. ಎರಡನೆಯವರು ತಮಿಳುನಾಡಿನ ಶಾಂತಿ ಸೌಂದರರಾಜನ್, 2 ನಿಮಿಷ 3.16 ಸೆಕೆಂಡ್. ಪುದುಕೋಟೆ ಜಿಲ್ಲೆಯ ಕತ್ತಕುರಿಚ್ಚಿ ಎಂಬ ಹಳ್ಳಿಯ, ಇಟ್ಟಿಗೆ ಗೂಡಿನಲ್ಲಿ ದುಡಿಯುವ ದಲಿತ ದಂಪತಿಯ ಮಗಳು. ಓಟ ಮುಗಿದ ಮೇಲೆ ಕರೆಸಿ ಲಿಂಗ ಪರೀಕ್ಷೆ ಮಾಡಿದರು. ಕೆಲವೇ ದಿನಗಳಲ್ಲಿ ಆಕೆ 'ಹೆಣ್ಣಲ್ಲ' ಎಂಬ ಸುದ್ದಿ ಟಿ.ವಿ. ವಾಹಿನಿಗಳಲ್ಲಿ ಹರಿದಾಡಿತು. ಪದಕ ಹೋಯಿತು. ಬೆಳ್ಳಿ ಕಝಕಿಸ್ತಾನದ ಓಟಗಾರ್ತಿಗೆ ಸರಿಯಿತು.

ಲ್ಯಾಂಡಿಸ್ ಪ್ರಕರಣಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು, ವಕೀಲರಿದ್ದರು, ಬಹಿರಂಗ ವಿಚಾರಣೆ ನಡೆಯಿತು. ಗ್ಯಾಟ್ಲಿನ್ ನಾಲ್ಕು ವರ್ಷ ಹೊರಗಿದ್ದು ಮರಳಿ, 2017ರಲ್ಲಿ ಲಂಡನ್‌ನಲ್ಲಿ ಬೋಲ್ಟ್ ಅವರನ್ನೇ ಹಿಂದಿಕ್ಕಿ ವಿಶ್ವ ಚಾಂಪಿಯನ್ ಆದರು. ಯುವೆಂಟಸ್ ಒಂದೇ ವರ್ಷದಲ್ಲಿ ಮೇಲಿನ ಲೀಗಿಗೆ ಬಂತು. ಇವರೆಲ್ಲ ತಪ್ಪು ಮಾಡಿದವರು, ಇಲ್ಲವೇ ಹಾಗೆಂದು ತೀರ್ಪಾದವರು. ಶಾಂತಿ ಮದ್ದು ತಿಂದಿರಲಿಲ್ಲ, ಯಾರಿಗೂ ಮೋಸ ಮಾಡಿರಲಿಲ್ಲ. ಹುಟ್ಟಿದಂತೆ ಇದ್ದರು, ಓಡಿದರು. 1985ರಲ್ಲಿ ಇಂಥದೇ ಪರೀಕ್ಷೆಯಲ್ಲಿ ಹೊರಬಿದ್ದ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ ಹೋರಾಡಿ 1988ರಲ್ಲಿ ಅರ್ಹತೆ ಮರಳಿ ಪಡೆದಿದ್ದರು. ಎಲ್ಲ ಮಹಿಳೆಯರಿಗೂ ಕಡ್ಡಾಯವಾಗಿದ್ದ ಪರೀಕ್ಷೆಯನ್ನು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 1999ರಲ್ಲಿ ಕೈಬಿಟ್ಟಿತ್ತು. ಅನುಮಾನ ಬಂದವರಿಗೆ ಮಾತ್ರ ಪರೀಕ್ಷೆ ಉಳಿದಿತ್ತು. ಅನುಮಾನ ಯಾರ ಮೇಲೆ ಬರುತ್ತದೆ ಎಂಬುದೇ ಪ್ರಶ್ನೆ.

ಮಹಿಳಾ ವಿಭಾಗಕ್ಕೆ ಒಂದು ಗಡಿ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆ ಗಡಿ ಎಲ್ಲಿರಬೇಕೆಂಬುದು ಕ್ಲಿಷ್ಟ ಪ್ರಶ್ನೆ. 2025ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮತ್ತೆ ಎಲ್ಲರಿಗೂ ಜೀನ್ ಪರೀಕ್ಷೆ ತಂದಿದೆ, ವಾದ ಮುಗಿದಿಲ್ಲ. ಆದರೆ ಗಡಿ ಎಲ್ಲೇ ಇರಲಿ, ಒಬ್ಬ ಹೆಣ್ಣುಮಗಳ ದೇಹದ ಗುಟ್ಟನ್ನು ಊರ ಚಾವಡಿಯಲ್ಲಿ ಕೂಗಿ ಹೇಳಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ಕರುಣಾನಿಧಿ ಸರಕಾರ ಆಕೆಗೆ 15 ಲಕ್ಷ ರೂಪಾಯಿ ಮತ್ತು ಒಂದು ಟಿ.ವಿ. ಕೊಟ್ಟಿತು. ಕೊಟ್ಟದ್ದನ್ನು ಹಿಂದಕ್ಕೆ ಕೇಳಲಿಲ್ಲ ಎಂಬುದನ್ನು ಮೆಚ್ಚಬೇಕು. 2007ರಲ್ಲಿ ಶಾಂತಿ ಆತ್ಮಹತ್ಯೆಗೆ ಯತ್ನಿಸಿದರು, ಉಳಿದರು. 2012ರಲ್ಲಿ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದುದು ಸುದ್ದಿಯಾಯಿತು. ನಂತರ ತರಬೇತಿ ಕೋರ್ಸು ಮುಗಿಸಿದರು. 2016ರಲ್ಲಿ ತಮಿಳುನಾಡು ಸರಕಾರ ಕೋಚ್ ಹುದ್ದೆಯನ್ನು ಖಾಯಂ ಮಾಡಿತು. ಈ ನಡುವೆ 2014ರಲ್ಲಿ ಒಡಿಶಾದ ದ್ಯುತಿ ಚಂದ್‌ಗೂ ಇದೇ ಗತಿ ಬಂದಾಗ ಭಾರತೀಯ ಕ್ರೀಡಾ ಪ್ರಾಧಿಕಾರ ಬೆನ್ನಿಗೆ ನಿಂತಿತು. ಕ್ರೀಡಾ ನ್ಯಾಯ ಮಂಡಳಿಗೆ ಮೇಲ್ಮನವಿ ಹೋಯಿತು. 2015ರಲ್ಲಿ ನಿಯಮಕ್ಕೇ ತಡೆ ಬಿತ್ತು, ದ್ಯುತಿ ಮತ್ತೆ ಓಡಿದರು. 2006ರಲ್ಲೂ ಅದೇ ಮಂಡಳಿ ಇತ್ತು, ಅದೇ ಮೇಲ್ಮನವಿಯ ದಾರಿ ಇತ್ತು. ಶಾಂತಿಯ ಪರವಾಗಿ ಅಲ್ಲಿಗೆ ಯಾರೂ ಹೋಗಲಿಲ್ಲ.