ಬೂಟು, ಬಯಕೆ ಮತ್ತು ಪ್ರತಿಕ್ರಮಣ: ಟಾಲ್‌ಸ್ಟಾಯ್ ಅವರ ಕಥೆಯೊಂದರ ವಿಮರ್ಶೆ

ಮದುವೆಯ ಆರತಕ್ಷತೆಗೆಂದು ಕೊಂಡ ಕರಿಯ ಚರ್ಮದ ಬೂಟು ಕಪಾಟಿನ ಕೆಳಗಿನ ಅರೆಯಲ್ಲಿ ವರ್ಷಗಟ್ಟಲೆ ಕುಳಿತಿರುವುದು ಇಂದು ಅನೇಕ ಸದ್ಗೃಹಸ್ಥರ ಮನೆಗಳಲ್ಲಿ ಕಾಣುವ ಸಂಗತಿ. ಸೂಟಿನೊಡನೆ ಒಂದು ಸಂಜೆ, ಬಳಿಕ ಯಾವುದೋ ಸಂದರ್ಶನಕ್ಕೆ ಅರ್ಧ ದಿನ. ಅಷ್ಟರಲ್ಲಿ ಬೆರಳು ಒತ್ತಿ, ಹಿಮ್ಮಡಿ ಉಜ್ಜಿ, ಅದು ಪೆಟ್ಟಿಗೆ ಸೇರುತ್ತದೆ. ಕೆಲವು ವರ್ಷಗಳ ನಂತರ ತೆಗೆದು ನೋಡಿದರೆ, ಪಾಲಿಯುರೆಥೇನಿನಿಂದ ಮಾಡಿದ ಅಡಿಯಾಗಿದ್ದಲ್ಲಿ, ಗಾಳಿಯ ತೇವಕ್ಕೇ ಅದು ಪುಡಿಪುಡಿಯಾಗಿ ಉದುರಿರುತ್ತದೆ. ತೊಡದೆ ಜೋಪಾನ ಮಾಡಿದ್ದು ತೊಡದೆಯೇ ಹಾಳಾಯಿತು. ಆಗ ಕೊಂಡವನ ಬಾಯಿಂದ ಹೊರಡುವ ಮಾತು ಒಂದೇ: ‘ಇದನ್ನು ಕೊಳ್ಳಬಾರದಿತ್ತು.’

ಈ ಮಾತಿನ ನೈತಿಕ ಬೆಲೆ ಎಷ್ಟು? ಇದು ಪಶ್ಚಾತ್ತಾಪವೇ, ಇಲ್ಲವೇ ನಷ್ಟದ ಸಂಕಟ ಮಾತ್ರವೇ? ಕೊಂಡ ಬೂಟಿನ ಬಗೆಗಿನ ಮರುಚಿಂತನೆ ಧರ್ಮದೃಷ್ಟಿಗೆ ಪಾತ್ರವಾಗುವಷ್ಟು ದೊಡ್ಡ ವಿಷಯವೇ ಎಂದು ಕೆಲವರು ಕೇಳಬಹುದು. ಆದರೆ ಲಿಯೋ ಟಾಲ್‌ಸ್ಟಾಯ್ ಅವರಂತಹ ಲೇಖಕರು ಮನುಷ್ಯಜೀವನದ ಅತಿದೊಡ್ಡ ಪ್ರಶ್ನೆಯನ್ನು ಎತ್ತಲು ಆರಿಸಿಕೊಂಡದ್ದು ಒಂದು ಜೊತೆ ಬೂಟನ್ನೇ. 1881ರಲ್ಲಿ ಪ್ರಕಟವಾದ ‘ಮನುಷ್ಯರು ಬದುಕುವುದು ಯಾವುದರಿಂದ’ ಎಂಬ ಅವರ ಕಥೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸುವುದು ಉಚಿತವಾಗಿದೆ.

ಕಥೆಯ ನಾಯಕ ಸೈಮನ್ ಬೂಟು ಹೊಲಿದು ಜೀವಿಸುವ ಬಡವ. ಚಳಿಗೆ ಕುರಿದೊಗಲಿನ ಅಂಗಿಯೊಂದನ್ನು ಹೊಂದಿಸಲು ಹೊರಟವನು ಬರಬೇಕಾದ ಬಾಕಿ ಸಿಗದೆ ಬರಿಗೈಯಲ್ಲಿ ಮರಳುವಾಗ, ದಾರಿಬದಿಯ ಪ್ರಾರ್ಥನಾಮಂದಿರದ ಬಳಿ ಬತ್ತಲೆಯಾಗಿ ನಡುಗುತ್ತಿರುವ ಒಬ್ಬನನ್ನು ಕಾಣುತ್ತಾನೆ. ತನ್ನ ಮೇಲಂಗಿಯನ್ನೂ ಉಣ್ಣೆಯ ಬೂಟನ್ನೂ ಅವನಿಗೆ ತೊಡಿಸಿ ಮನೆಗೆ ಕರೆತರುತ್ತಾನೆ. ಮೈಕೇಲ್ ಎಂಬ ಆ ಅಪರಿಚಿತ, ಶಾಪಗ್ರಸ್ತನಾಗಿ ಭೂಮಿಗಿಳಿದ ದೇವದೂತ. ಅವನು ಸೈಮನ್ನನ ಬಳಿ ಕಸುಬು ಕಲಿತು ಪ್ರಸಿದ್ಧ ಕೆಲಸಗಾರನಾಗುತ್ತಾನೆ.

ಒಂದು ವರ್ಷದ ಬಳಿಕ ಮೂರು ಕುದುರೆಗಳ ಹಿಮಗಾಡಿಯಲ್ಲಿ ಧನಿಕನೊಬ್ಬ ಬಂದಿಳಿಯುತ್ತಾನೆ. ಜರ್ಮನಿಯಿಂದ ತರಿಸಿದ, ಇಪ್ಪತ್ತು ರೂಬಲ್ ಬೆಲೆಯ ಚರ್ಮವನ್ನು ಮುಂದಿಟ್ಟು ಅವನು ವಿಧಿಸುವ ಷರತ್ತು ಕಠಿಣವಾದದ್ದು: ಬೂಟು ಒಂದು ವರ್ಷ ಆಕಾರ ಕೆಡಬಾರದು, ಹೊಲಿಗೆ ಬಿಚ್ಚಬಾರದು, ಕೆಟ್ಟರೆ ಸೆರೆಮನೆ, ಉಳಿದರೆ ಹತ್ತು ರೂಬಲ್ ಕೂಲಿ. ಮೈಕೇಲ್ ಆ ಧನಿಕನ ಹಿಂದೆ ಮೂಲೆಯಲ್ಲಿ ನಿಂತಿರುವ ಮೃತ್ಯುವನ್ನು ಕಂಡು ಮುಗುಳ್ನಗುತ್ತಾನೆ. ಅನಂತರ ಬೂಟಿನ ಬದಲು, ಶವಕ್ಕೆ ತೊಡಿಸುವ ಮೆದುವಾದ ಪಾದುಕೆಗಳನ್ನು ಹೊಲಿದಿಡುತ್ತಾನೆ. ಧನಿಕನು ಮನೆ ಮುಟ್ಟುವ ಮೊದಲೇ ಗಾಡಿಯಲ್ಲಿ ಸತ್ತನೆಂದೂ, ಬೂಟು ಬೇಡ, ಶವಪಾದುಕೆಯೇ ಬೇಕೆಂದೂ ಹೇಳಲು ಸೇವಕನು ಓಡಿಬರುತ್ತಾನೆ.

ಈ ಪ್ರಸಂಗದ ಶಕ್ತಿ ಇರುವುದು ‘ಒಂದು ವರ್ಷ’ ಎಂಬ ಎರಡು ಪದಗಳಲ್ಲಿ. ಧನಿಕನು ಬೂಟಿಗೆ ಒಂದು ವರ್ಷದ ಆಯುಸ್ಸನ್ನು ಕೇಳುತ್ತಾನೆ. ತನ್ನ ಆಯುಸ್ಸಿನ ವಿಷಯ ಅವನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ವಸ್ತುವಿಗೆ ಕರಾರು ವಿಧಿಸುವವನು ತನಗೆ ಯಾವ ಕರಾರನ್ನೂ ವಿಧಿಸಿಕೊಂಡಿಲ್ಲ. ಪರಿಗ್ರಹದ ಸ್ವಭಾವವನ್ನು ಇದಕ್ಕಿಂತ ಸಂಕ್ಷೇಪವಾಗಿ ಚಿತ್ರಿಸಿದ ಕಥೆಗಳು ವಿರಳ. ತನಗೆ ಏನು ಬೇಕೆಂಬುದನ್ನು ಅರಿಯುವ ಶಕ್ತಿ ಮನುಷ್ಯನಿಗೆ ಕೊಡಲ್ಪಟ್ಟಿಲ್ಲ ಎಂಬುದು ಮೈಕೇಲ್ ಇದರಿಂದ ಕಲಿಯುವ ಪಾಠ.

ಆದರೆ ವಿಮರ್ಶೆಯ ಮೊದಲ ಆಕ್ಷೇಪ ಏಳುವುದೂ ಇಲ್ಲಿಯೇ. ಧನಿಕನಿಗೆ ತನ್ನ ಬೇಡಿಕೆಯನ್ನು ಮರುಚಿಂತಿಸುವ ಅವಕಾಶವನ್ನು ಕಥೆ ಕೊಡುವುದಿಲ್ಲ. ಮೃತ್ಯು ಬಂದು ಅವನ ಖರೀದಿಯನ್ನು ರದ್ದುಮಾಡುತ್ತದೆಯೇ ಹೊರತು ಅವನ ವಿವೇಕವು ರದ್ದುಮಾಡುವುದಿಲ್ಲ. ಈ ಪ್ರಸಂಗದಲ್ಲಿ ಸಂಕಟಪಡುವವನು ಸೈಮನ್ ಒಬ್ಬನೇ. ಇಪ್ಪತ್ತು ರೂಬಲ್ಲಿನ ಚರ್ಮ ಬೇರೆಯೇ ಆಕಾರದಲ್ಲಿ ಕತ್ತರಿಸಿ ಬಿದ್ದಿರುವುದನ್ನು ಕಂಡು ಅವನು ಕಂಗಾಲಾಗುತ್ತಾನೆ. ಬಡವನಾದ ಅವನ ಭಯ ಸಹಜವೇ. ಆದರೂ ಅದು ವಸ್ತು ಕೆಟ್ಟಿತೆಂಬ ಭಯವೇ ಹೊರತು ಕರ್ಮ ಕೆಟ್ಟಿತೆಂಬ ಅರಿವಲ್ಲ.

ಜೈನಾಚಾರ್ಯರು ಈ ಎರಡರ ನಡುವೆ ಸ್ಪಷ್ಟವಾದ ಗೆರೆಯನ್ನು ಎಳೆದಿದ್ದಾರೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನದ ನಾಲ್ಕು ಬಗೆಗಳನ್ನು ಹೇಳಲಾಗಿದೆ. ಇಷ್ಟವಿಲ್ಲದ ವಸ್ತು ಜೊತೆಗೂಡಿದಾಗ ಅದು ಹೇಗೆ ತೊಲಗೀತೆಂದು ಮತ್ತೆಮತ್ತೆ ಚಿಂತಿಸುವುದು ಅವುಗಳಲ್ಲಿ ಮೊದಲನೆಯದು. ಕಾಲಿಗೆ ಒತ್ತುವ ಬೂಟು, ಬೆಲೆಗೆ ತಕ್ಕುದಲ್ಲದ ಬೂಟು, ಬಣ್ಣ ಹೊಂದದ ಬೂಟು ಹುಟ್ಟಿಸುವ ವ್ಯಥೆ ಈ ಜಾತಿಯದೇ. ಇಷ್ಟವಾದದ್ದು ಕೈತಪ್ಪಿತೆಂಬ ಕೊರಗು ಎರಡನೆಯ ಬಗೆ. ಅಂಗಡಿಯಲ್ಲಿ ಬಿಟ್ಟುಬಂದ ಇನ್ನೊಂದು ಜೊತೆಯ ನೆನಪು ಆ ಜಾತಿಯದು. ಮುಂದೆ ಇಂತಹದೇ ಭೋಗ ದೊರೆಯಲೆಂಬ ಸಂಕಲ್ಪವು ನಿದಾನ. ‘ಮುಂದಿನ ಸಲ ಇನ್ನೂ ಒಳ್ಳೆಯದನ್ನು ಕೊಳ್ಳುತ್ತೇನೆ’ ಎಂಬ ಸಮಾಧಾನ ಅದಕ್ಕೆ ಹತ್ತಿರ. ಇವು ಯಾವುವೂ ಪಶ್ಚಾತ್ತಾಪವಲ್ಲ. ಬಯಕೆಯು ಒಂದು ಜೊತೆಯನ್ನು ಕಳಚಿ ಇನ್ನೊಂದು ಜೊತೆಯನ್ನು ತೊಡುವ ಕ್ರಮವಷ್ಟೇ.

ಕಥೆಯ ಮೂರನೆಯ ಪ್ರಸಂಗದಲ್ಲಿ ಟಾಲ್‌ಸ್ಟಾಯ್ ಇದಕ್ಕೆ ಪ್ರತಿಯಾಗಿ ಇನ್ನೊಂದು ಖರೀದಿಯನ್ನು ಇಟ್ಟಿದ್ದಾರೆ. ವಿಮರ್ಶಕರು ಇದನ್ನು ಸಾಮಾನ್ಯವಾಗಿ ಅನಾಥ ಮಕ್ಕಳ ಮೇಲಿನ ಪ್ರೀತಿಯ ನಿದರ್ಶನವಾಗಿ ಮಾತ್ರ ಓದುವುದುಂಟು. ಅವಳಿ ಹೆಣ್ಣುಮಕ್ಕಳಿಬ್ಬರನ್ನು ಕರೆದುಕೊಂಡು ಬರುವ ಸಾಕುತಾಯಿ ಅವರಿಗೆ ಬೂಟು ಹೊಲಿಸಬೇಕೆನ್ನುತ್ತಾಳೆ. ಒಬ್ಬಳ ಒಂದು ಕಾಲು ಊನ. ಊನವಾದ ಕಾಲಿಗೆ ಒಂದು, ಸರಿಯಾದ ಕಾಲಿನ ಅಳತೆಗೆ ಮೂರು ಹೊಲಿದರೆ ಸಾಕು, ಇಬ್ಬರ ಪಾದವೂ ಒಂದೇ ಅಳತೆ ಎಂದು ಆಕೆ ಹೇಳುತ್ತಾಳೆ. ಅಲ್ಲಿ ಷರತ್ತಿಲ್ಲ, ಬೆದರಿಕೆಯಿಲ್ಲ, ಚರ್ಮದ ಊರಿನ ಹೆಸರಿಲ್ಲ; ಯಾವ ಪಾದಕ್ಕೆ ಏನು ಬೇಕೆಂಬ ನಿಖರವಾದ ಅರಿವು ಮಾತ್ರ ಇದೆ. ತನಗೆ ಬೇಕಾದದ್ದನ್ನು ಅರಿಯಲಾಗದ ಧನಿಕನ ಎದುರು ಇನ್ನೊಬ್ಬರಿಗೆ ಬೇಕಾದದ್ದನ್ನು ಅರಿತ ತಾಯಿ ನಿಲ್ಲುತ್ತಾಳೆ. ಆರಂಭದಲ್ಲಿ ಸೈಮನ್ ದಾನ ಮಾಡಿದ ಉಣ್ಣೆಯ ಬೂಟನ್ನೂ ಸೇರಿಸಿದರೆ, ಕಥೆಯಲ್ಲಿ ಮೂರು ಜೊತೆಗಳ ತೂಕ ನಡೆದಿದೆ. ಕರುಣೆಯಿಂದ ಕೊಟ್ಟದ್ದು ಮತ್ತು ಅಗತ್ಯವರಿತು ಕೊಂಡದ್ದು ಸಾರ್ಥಕವಾಗುತ್ತವೆ. ಅಹಂಕಾರದಿಂದ ಕೊಂಡದ್ದು ಶವಕ್ಕೆ ಸೇರುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಇಪ್ಪತ್ತು ರೂಬಲ್ಲಿನ ಆ ಚರ್ಮ ಯಾವ ಜೀವದ ಮೈಮೇಲಿತ್ತು ಎಂಬ ಪ್ರಶ್ನೆಯನ್ನು ಕಥೆಯಲ್ಲಿ ಯಾರೂ ಕೇಳುವುದಿಲ್ಲ. ದೇವದೂತನೂ ಕೇಳುವುದಿಲ್ಲ. ರಷ್ಯಾದ ಹಿಮಗಾಲದಲ್ಲಿ ತೊಗಲು ಅಲಂಕಾರವಲ್ಲ, ಪ್ರಾಣರಕ್ಷಣೆ; ಆದ್ದರಿಂದ ಈ ಮೌನವನ್ನು ದೋಷವೆಂದು ಘೋಷಿಸುವುದು ಅವಸರದ ತೀರ್ಪಾದೀತು. ಸೈಮನ್ನನ ಕಸುಬನ್ನು ಹೀನವೆಂದು ಕಾಣುವುದಂತೂ ಅಧರ್ಮ. ಹಿಂಸೆಯ ಹೊಣೆಯನ್ನು ಹೊಲಿಯುವವನ ಮೇಲೆ ಹೊರಿಸಿ, ಕೊಳ್ಳುವವನು ಶುದ್ಧನೆಂದು ಬೀಗುವುದು ಸಮಾಜದ ಹಳೆಯ ಕಪಟ. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ಎಣಿಸುವ ಜೈನ ಆಚಾರದಲ್ಲಿ ಆ ಕಪಟಕ್ಕೆ ಎಡೆಯಿಲ್ಲ.

ಕಥೆಯಲ್ಲಿ ಉಳಿದ ಈ ಮೌನ ಟಾಲ್‌ಸ್ಟಾಯ್ ಅವರ ಜೀವನದಲ್ಲಿ ಮುರಿಯಿತು. 1880ರ ದಶಕದಲ್ಲಿ ಅವರು ಸ್ವತಃ ಬೂಟು ಹೊಲಿಯುವುದನ್ನು ಕಲಿತರು. ಅವರು ಹೊಲಿದುಕೊಟ್ಟ ಜೊತೆಯೊಂದನ್ನು ಸುಖೋತಿನ್ ಎಂಬ ಆಪ್ತರು ತೊಡದೆ, ಪುಸ್ತಕದ ಕಪಾಟಿನಲ್ಲಿ ಟಾಲ್‌ಸ್ಟಾಯ್ ಅವರ ಹನ್ನೆರಡು ಸಂಪುಟಗಳ ಪಕ್ಕದಲ್ಲಿ ಹದಿಮೂರನೆಯ ಸಂಪುಟವೆಂದು ಇಟ್ಟ ಪ್ರಸಂಗ ಪ್ರಸಿದ್ಧವಾಗಿದೆ. ಅದೇ ದಶಕದಲ್ಲಿ ಅವರು ಮಾಂಸಾಹಾರವನ್ನೂ ತ್ಯಜಿಸಿದರು. 1892ರಲ್ಲಿ ಪ್ರಕಟವಾದ ‘ಮೊದಲ ಹೆಜ್ಜೆ’ ಎಂಬ ಪ್ರಬಂಧದಲ್ಲಿ, ತುಲಾ ನಗರದ ವಧಾಗಾರಕ್ಕೆ ಹೋಗಿ ಕಣ್ಣಾರೆ ಕಂಡದ್ದನ್ನು ವಿವರಿಸಿದರು. ಚರ್ಮ ಮತ್ತು ಜೀವ ಎರಡೂ ಒಂದೇ ಮೈಯೆಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಚರ್ಮದ ಕೆಲಸ ಮಾಡಿದ ಕೈಯೇ ಆ ಪ್ರಬಂಧವನ್ನು ಬರೆದದ್ದು ವಿರೋಧಾಭಾಸವೆಂದು ನಗುವವರಿದ್ದಾರೆ. ಆದರೆ ಪ್ರಬಂಧದ ಶೀರ್ಷಿಕೆಯೇ ಅವರಿಗೆ ಉತ್ತರ. ಸದ್ಗುಣಗಳಿಗೆ ಒಂದು ಕ್ರಮವಿದೆ, ಸಂಯಮದಿಂದ ಆರಂಭಿಸದೆ ಮೇಲೇರಲಾಗದು ಎಂಬುದು ಅಲ್ಲಿನ ವಾದ. ಶ್ರಾವಕನ ಹನ್ನೊಂದು ಪ್ರತಿಮೆಗಳನ್ನು ಬಲ್ಲವರಿಗೆ ಈ ಮೆಟ್ಟಿಲಿನ ಮಾತು ಹೊಸದಲ್ಲ. ಮೊದಲ ಮೆಟ್ಟಿಲಲ್ಲಿ ನಿಂತವನನ್ನು ಕೊನೆಯ ಮೆಟ್ಟಿಲಲ್ಲಿ ಇಲ್ಲವೆಂದು ಹಳಿಯುವುದು ನ್ಯಾಯವಲ್ಲ. ಮೊದಲ ಮೆಟ್ಟಿಲನ್ನೇ ಕೊನೆಯದೆಂದು ನಂಬಿ ಅವನು ಕುಳಿತುಬಿಡುವುದೂ ನ್ಯಾಯವಲ್ಲ.

ಧನಿಕನ ‘ಒಂದು ವರ್ಷ’ಕ್ಕೆ ಸರಿಯಾದ ಉತ್ತರ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿದೆ. ಒಮ್ಮೆ ಬಳಸಿ ಮುಗಿಯುವ ಅನ್ನಾದಿಗಳು ಭೋಗ, ಮತ್ತೆಮತ್ತೆ ಬಳಸುವ ವಸ್ತ್ರಾದಿಗಳು ಉಪಭೋಗ. ಇವೆರಡಕ್ಕೂ ಮಿತಿ ಹಾಕಿಕೊಳ್ಳುವುದು ವ್ರತ. ಆ ಮಿತಿಯು ನಿಶ್ಚಿತ ಕಾಲದವರೆಗೆ ಇದ್ದರೆ ನಿಯಮ, ಜೀವಾವಧಿಯಾದರೆ ಯಮ. ಇಲ್ಲಿಯೂ ವರ್ಷದ ಕರಾರು ಇರಬಹುದು. ಆದರೆ ಅದು ಬೂಟಿನ ಮೇಲಲ್ಲ, ತೊಡುವವನ ಮೇಲೆ. ‘ಈ ಬೂಟು ಒಂದು ವರ್ಷ ಬಾಳಬೇಕು’ ಎನ್ನುವುದು ಧನಿಕನ ಮಾತು. ‘ಒಂದು ವರ್ಷ ಬೇರೆ ಬೂಟನ್ನು ಕೊಳ್ಳುವುದಿಲ್ಲ’ ಎನ್ನುವುದು ಶ್ರಾವಕನ ಮಾತು. ಮನುಷ್ಯನು ತನಗೆ ಬೇಕಾದದ್ದನ್ನು ಅರಿಯಲಾರನೆಂಬ ದೇವದೂತನ ಮಾತು ಆಯುಸ್ಸಿನ ಮಟ್ಟಿಗೆ ನಿಜವಿರಬಹುದು. ಎಷ್ಟು ಸಾಕೆಂಬುದನ್ನು ನಿರ್ಧರಿಸುವ ಶಕ್ತಿಯಂತೂ ಅವನಲ್ಲಿದೆ. ಟಾಲ್‌ಸ್ಟಾಯ್ ಅವರ ಕಥೆ ನಿಲ್ಲುವ ಕಡೆಯಿಂದ ವ್ರತವು ಮುಂದೆ ಸಾಗುತ್ತದೆ.

ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಮೂರು ಕಾಲಗಳಿಗೂ ಮೂರು ಕ್ರಿಯೆಗಳನ್ನು ಹೇಳಿದ್ದಾರೆ. ಹಿಂದಿನದರಿಂದ ಹಿಂದಿರುಗುವುದು ಪ್ರತಿಕ್ರಮಣ, ಇಂದಿನ ದೋಷವನ್ನು ಕಂಡುಕೊಳ್ಳುವುದು ಆಲೋಚನೆ, ಮುಂದಿನದನ್ನು ತ್ಯಜಿಸುವುದು ಪ್ರತ್ಯಾಖ್ಯಾನ. ನಿತ್ಯವೂ ಈ ಮೂರನ್ನು ನಡೆಸುವ ಆತ್ಮವೇ ಚಾರಿತ್ರವೆಂಬುದು ಅಲ್ಲಿನ ತಾತ್ಪರ್ಯ. ‘ಇದನ್ನು ಕೊಳ್ಳಬಾರದಿತ್ತು’ ಎಂಬ ಮಾತು ಮೊದಲನೆಯದರ ಹೊಸ್ತಿಲಿನಲ್ಲಿ ನಿಂತಿದೆ. ಉಳಿದೆರಡು ಅದನ್ನು ಹಿಂಬಾಲಿಸದಿದ್ದರೆ ಅದು ಹೊಸ್ತಿಲಿನಲ್ಲಿಯೇ ಸವೆದುಹೋಗುತ್ತದೆ.

ಬೂಟಿನ ವಿಷಯದಲ್ಲಿ ಆಲೋಚನೆ ಎಂದರೆ ಕೊಳ್ಳುವ ಮೊದಲು ನಾಲ್ಕು ಸಂಗತಿಗಳನ್ನು ಅರಿಯುವುದು. ದುಬಾರಿ ಬೂಟುಗಳ ಮೇಲ್ಭಾಗಕ್ಕೆ ಕರುವಿನ ಚರ್ಮವನ್ನು ಬಳಸುವುದು ರೂಢಿ. ಎಳೆಯ ಪ್ರಾಣಿಯ ಚರ್ಮದ ನಯಕ್ಕೇ ಹೆಚ್ಚಿನ ಬೆಲೆ. ಒಳಪದರಕ್ಕೆ ಹಂದಿಯ ಚರ್ಮ ಹಾಕುವುದೂ ಉಂಟು, ಅದು ಹೊರಗೆ ಕಾಣುವುದಿಲ್ಲ. ಯುರೋಪಿನ ಒಕ್ಕೂಟ 1994ರಲ್ಲಿ ಮಾಡಿದ ನಿಯಮದಂತೆ ಬೂಟಿನ ಮೇಲ್ಭಾಗ, ಒಳಪದರ, ಅಡಿ ಮೂರಕ್ಕೂ ಬೇರೆಬೇರೆ ಗುರುತುಗಳನ್ನು ಹಾಕಲಾಗುತ್ತದೆ. ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ, ಅದರೊಳಗೆ ವಜ್ರಾಕೃತಿಯಿದ್ದರೆ ಲೇಪ ಹಚ್ಚಿದ ಚರ್ಮ, ಹೆಣಿಗೆಯ ಗುರುತಿದ್ದರೆ ಬಟ್ಟೆ, ಬರಿಯ ವಜ್ರಾಕೃತಿಯಿದ್ದರೆ ಇತರ ವಸ್ತು. ಕೊನೆಯದಾಗಿ, ದಿನ ಕಳೆದಂತೆ ಪಾದ ಉಬ್ಬುವುದರಿಂದ ಸಂಜೆಯ ಹೊತ್ತು ಅಳತೆ ನೋಡುವುದು ಲೇಸು. ಒತ್ತುವ ಬೂಟು ಮೂಲೆ ಸೇರಿ ಇನ್ನೊಂದು ಖರೀದಿಗೆ ಕಾರಣವಾಗುತ್ತದೆ.

ಚರ್ಮವಲ್ಲದ ಬೂಟನ್ನು ಕೊಂಡರೆ ಎಲ್ಲ ಮುಗಿಯಿತೆಂಬುದೂ ಭ್ರಮೆಯೇ. ಕೃತಕ ಚರ್ಮವು ಖನಿಜತೈಲದಿಂದ ಹುಟ್ಟಿ, ಬಿಸಾಡಿದ ಮೇಲೆ ಮಣ್ಣಿನಲ್ಲಿ ಬೇಗ ಕರಗದು. ಹದಗೊಳಿಸುವಾಗ ಬಳಸುವ ಕ್ರೋಮಿಯಮ್ ಲವಣಗಳಿಂದ ನಿಜಚರ್ಮವೂ ನೀರನ್ನು ಕೆಡಿಸಬಲ್ಲದು. ಪ್ರಾಣಿವಧೆಯ ದೃಷ್ಟಿಯಿಂದ ಮೊದಲನೆಯದು ಗ್ರಾಹ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಹಿಂಸೆಯ ಹೆಸರಿನಲ್ಲಿ ಐದು ಜೊತೆ ಕೃತಕ ಬೂಟುಗಳನ್ನು ಸಂಗ್ರಹಿಸಿದವನು ಅಪರಿಗ್ರಹವನ್ನು ಮರೆತಂತೆ.

ಈಗಾಗಲೇ ಕೊಂಡ ಚರ್ಮದ ಬೂಟನ್ನು ಏನು ಮಾಡಬೇಕು? ಕೂಡಲೇ ತ್ಯಜಿಸಬೇಕೆಂಬವರ ನಿಷ್ಠೆ ಗೌರವಾರ್ಹವಾದದ್ದು. ಆದರೆ ಎಸೆದ ಮಾತ್ರಕ್ಕೆ ಸತ್ತ ಜೀವ ಮರಳುವುದಿಲ್ಲ. ಎಸೆದು ಬಂದ ಸಂಜೆಯೇ ಹೊಸದನ್ನು ಕೊಂಡರೆ, ಆ ತ್ಯಾಗ ವ್ಯಾಪಾರದ ಇನ್ನೊಂದು ಹೆಸರು. ಬರಿಗಾಲಿನಲ್ಲಿ ದುಡಿಯುವವನಿಗೆ ಪುಣ್ಯದ ಲೆಕ್ಕವಿಲ್ಲದೆ ಕೊಡಬಹುದು, ಇಲ್ಲವೇ ಸವೆಯುವವರೆಗೆ ತೊಟ್ಟು ಅದನ್ನೇ ಕೊನೆಯದಾಗಿಸಬಹುದು. ಯಾವ ದಾರಿ ಹಿಡಿದರೂ ನಿರ್ಣಾಯಕವಾದದ್ದು ಕೈಯಲ್ಲಿರುವ ಜೊತೆಯಲ್ಲ, ಮುಂದಿನ ಜೊತೆ.

ಅನೇಕ ಬಸದಿಗಳಲ್ಲಿ ಚರ್ಮದ ವಸ್ತುಗಳನ್ನು ಒಳಗೆ ತರಬಾರದೆಂಬ ಕಟ್ಟಳೆಯಿದೆ. ಭಕ್ತರು ಬೂಟನ್ನು ಕಳಚಿ, ನಡುಪಟ್ಟಿಯನ್ನು ಬಿಚ್ಚಿ ಒಳಗೆ ಹೋಗುತ್ತಾರೆ. ದರ್ಶನ ಮುಗಿಸಿ ಬಂದು ಅವನ್ನೇ ಮತ್ತೆ ತೊಡುತ್ತಾರೆ. ಬಸದಿಯ ಟ್ರಸ್ಟುಗಳು ಪಾದರಕ್ಷೆಯ ಅರೆಗಳ ಪಕ್ಕದಲ್ಲಿ ಕಟ್ಟಳೆಯ ಫಲಕದ ಜೊತೆಗೆ ಅದರ ಕಾರಣವನ್ನೂ ನಾಲ್ಕು ಸಾಲಿನಲ್ಲಿ ಬರೆಸಿದರೆ, ಬಾಗಿಲಲ್ಲಿ ಬಿಟ್ಟುಹೋದ ಪ್ರಶ್ನೆ ಮನೆಯವರೆಗೂ ಜೊತೆಗೆ ಬಂದೀತು. ಟಾಲ್‌ಸ್ಟಾಯ್ ಅವರ ಧನಿಕನಿಗೆ ಮರುಚಿಂತನೆಗೆ ಒಂದು ದಿನವೂ ದೊರೆಯಲಿಲ್ಲ. ಬಸದಿಯ ಮೆಟ್ಟಿಲಿಳಿದು ಬೂಟಿಗಾಗಿ ಬಾಗುವವನಿಗೆ ಆ ಅವಕಾಶ ಇನ್ನೂ ಇದೆ.